ಯುದ್ಧ ಮುಗಿದ ಮೇಲೆ ಎಣ್ಣೆಯ ಹಣ ಯಾರಿಗೆ?

(ಮುಂಬಯಿಯ ಮಾಟುಂಗದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಉತ್ತರಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಸಭೆಗೆ ನಮಸ್ಕಾರ.

ಇಲ್ಲಿ ಕುಳಿತವರಲ್ಲಿ ಉಡುಪಿ, ಮಂಗಳೂರು, ಭಟ್ಕಳ, ಕಾರವಾರದ ಕಡೆಯವರು ಬಹಳ ಮಂದಿ ಇದ್ದೀರಿ. ನಿಮ್ಮ ನಂಟರಿಷ್ಟರಲ್ಲಿ 1990ರ ಆಗಸ್ಟ್ ತಿಂಗಳನ್ನು ಮರೆಯದವರು ಇದ್ದೇ ಇರುತ್ತಾರೆ. ಆ ತಿಂಗಳ 2ರಂದು ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನರ ಸೇನೆ ಕುವೈತಿಗೆ ನುಗ್ಗಿತು. ಅಲ್ಲಿ ದುಡಿಯುತ್ತಿದ್ದ ನಮ್ಮವರು ಸಿಕ್ಕಿದ ವಾಹನ ಹತ್ತಿ, ಮರುಭೂಮಿ ದಾಟಿ, ಜೋರ್ಡಾನಿನ ಅಮ್ಮಾನ್ ನಗರ ಸೇರಿದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಅವರನ್ನು ಇದೇ ಮುಂಬಯಿಗೆ ತಂದು ಇಳಿಸಿದವು. ಹತ್ತಿರ ಹತ್ತಿರ 1 ಲಕ್ಷ 70 ಸಾವಿರ ಜನ. ಈ ಕಥೆ ಎಲ್ಲರಿಗೂ ಗೊತ್ತು. ಅದರ ಮುಂದಿನ ಭಾಗ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ನನ್ನ ಇಂದಿನ ಮಾತು ಶುರುವಾಗುವುದು ಅಲ್ಲಿಂದಲೇ.

1991ರಲ್ಲಿ ವಿಶ್ವಸಂಸ್ಥೆ ಒಂದು ಪರಿಹಾರ ಆಯೋಗವನ್ನು ರಚಿಸಿತು. ಇರಾಕಿನ ದಾಳಿಯಿಂದ ನಷ್ಟಕ್ಕೊಳಗಾದವರು ತಮ್ಮ ತಮ್ಮ ಸರಕಾರಗಳ ಮೂಲಕ ಅರ್ಜಿ ಹಾಕಬಹುದಿತ್ತು. ಕೆಲಸ, ಮನೆ ಬಿಟ್ಟು ಓಡಿಬಂದ ಒಬ್ಬ ವ್ಯಕ್ತಿಗೆ 2,500 ಅಥವಾ 4,000 ಡಾಲರ್, ಕುಟುಂಬಕ್ಕೆ 5,000 ಅಥವಾ 8,000 ಡಾಲರ್ ಎಂದು ನಿಗದಿಯಾಯಿತು. ಅತಿ ಹೆಚ್ಚು ಅರ್ಜಿ ಸಲ್ಲಿಸಿದ ದೇಶಗಳಲ್ಲಿ ಭಾರತವೂ ಒಂದು. ಜಗತ್ತಿನಾದ್ಯಂತ ಸುಮಾರು 15 ಲಕ್ಷ ಅರ್ಜಿದಾರರಿಗೆ ಪರಿಹಾರ ಮಂಜೂರಾಯಿತು. ಒಟ್ಟು ಮೊತ್ತ 5,240 ಕೋಟಿ ಡಾಲರ್. ಕೊನೆಯ ಕಂತು ಸಂದಾಯವಾದದ್ದು 2022ರಲ್ಲಿ.

ಈ ಹಣ ಎಲ್ಲಿಂದ ಬಂತು? ಇರಾಕಿನ ಎಣ್ಣೆಯಿಂದ. ಮಾರಾಟವಾದ ಎಣ್ಣೆಯ ಹಣದಲ್ಲಿ ಮೊದಲು ಶೇ. 30, ಆಮೇಲೆ ಶೇ. 25, 2003ರ ನಂತರ ಶೇ. 5 ಭಾಗ ಬಾಗ್ದಾದಿನ ಬೊಕ್ಕಸ ಸೇರುವ ಮೊದಲೇ ಈ ಆಯೋಗಕ್ಕೆ ಹೋಗುತ್ತಿತ್ತು.

ಇದನ್ನು ಇರಾಕಿನ ಪ್ರಜೆಯ ಕಡೆಯಿಂದ ನೋಡಿ. ಬಸ್ರಾದ ನೆಲದಡಿಯಿಂದ ತೆಗೆದ ಎಣ್ಣೆಯ ದುಡ್ಡು ಸಮುದ್ರ ದಾಟಿ, ಹೆಸರು ಹಿಡಿದು, ವಿಳಾಸ ಹುಡುಕಿಕೊಂಡು ಬೇರೆ ಬೇರೆ ದೇಶಗಳ ಲಕ್ಷಾಂತರ ಮನೆಗಳಿಗೆ ತಲುಪಿತು. ತಲುಪಬೇಕಾದದ್ದೇ, ಅದು ನ್ಯಾಯ. ಆದರೆ ಅದೇ ಬಸ್ರಾದಲ್ಲಿ ಹುಟ್ಟಿ, ಮೂರು ಯುದ್ಧ ಕಂಡು, ವಿಶ್ವಸಂಸ್ಥೆ ಹೇರಿದ ವ್ಯಾಪಾರ ನಿರ್ಬಂಧದಿಂದ ಹದಿಮೂರು ವರ್ಷ ಹಸಿವು ಉಂಡ ಹೆಂಗಸಿಗೆ ಅವಳ ಹೆಸರು ಹಿಡಿದು, ಇದು ನಿಮ್ಮ ಎಣ್ಣೆಯ ಪಾಲು ಎಂದು ಒಂದು ಡಾಲರನ್ನೂ ಯಾರೂ ಕೊಡಲಿಲ್ಲ. ಕೊಡುವುದು ಕಷ್ಟ, ವ್ಯವಸ್ಥೆ ಇಲ್ಲ, ಪಟ್ಟಿ ಇಲ್ಲ ಎಂದರು. ಆ ಮಾತನ್ನು ನಾನು ಒಪ್ಪುವುದಿಲ್ಲ.

ಪಟ್ಟಿ ಇತ್ತು. 1990ರ ನಿರ್ಬಂಧಗಳ ಬೆನ್ನಿಗೇ ಇರಾಕ್ ಸರಕಾರ ಪಡಿತರ ಆರಂಭಿಸಿತು. 1996ರ ಕೊನೆಯಲ್ಲಿ ವಿಶ್ವಸಂಸ್ಥೆಯ 'ಆಹಾರಕ್ಕಾಗಿ ಎಣ್ಣೆ' ಯೋಜನೆ ಜಾರಿಗೆ ಬಂದ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು. ಪ್ರತಿ ಕುಟುಂಬಕ್ಕೂ ಒಂದು ಪಡಿತರ ಚೀಟಿ, ಅದರಲ್ಲಿ ಮನೆಮಂದಿಯ ಹೆಸರು. ಬೀದಿಯ ಅಂಗಡಿಯವನೇ ಸರಕಾರದ ಏಜೆಂಟ್. ದೇಶದಲ್ಲಿ ಅಂಥವರು ಸುಮಾರು 44 ಸಾವಿರ ಮಂದಿ. ತಿಂಗಳಿಗೊಮ್ಮೆ ತಲೆಗಿಷ್ಟು ಎಂದು ಗೋಧಿಹಿಟ್ಟು, ಅಕ್ಕಿ, ಸಕ್ಕರೆ, ಚಹಾಪುಡಿ, ಅಡುಗೆ ಎಣ್ಣೆ, ಬೇಳೆಕಾಳು, ಹಾಲಿನ ಪುಡಿ, ಸಾಬೂನು. ಯಾವ ಮನೆಯಲ್ಲಿ ಮಗು ಹುಟ್ಟಿತು, ಯಾವ ಮನೆಯಲ್ಲಿ ಮುದುಕ ತೀರಿಕೊಂಡ, ಯಾರ ಮಗ ಯುದ್ಧದಿಂದ ಹಿಂತಿರುಗಲಿಲ್ಲ ಎಂಬುದು ಆ ಅಂಗಡಿಯವನಿಗೆ ಗೊತ್ತಿರುತ್ತಿತ್ತು. ಪಡಿತರದ ಸಾಲಿನಲ್ಲಿ ನಿಂತ ಅನುಭವವಿರುವ ಮುಂಬಯಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

2005ರ ಜನವರಿ 30ರಂದು ಇರಾಕಿನಲ್ಲಿ ಚುನಾವಣೆ ನಡೆಯಬೇಕಾಗಿತ್ತು. ಮತದಾರರ ಪಟ್ಟಿ ಎಲ್ಲಿಂದ ತರುವುದು? ಪಡಿತರದ ಪಟ್ಟಿಯನ್ನೇ ಎತ್ತಿಕೊಂಡರು. ಮತದಾರರ ನೋಂದಣಿಯ ಕಾಗದವನ್ನು ಅದೇ ಏಜೆಂಟರು ಹಿಟ್ಟು ಸಕ್ಕರೆಯ ಜೊತೆಗೆ ಮನೆಮನೆಗೆ ಹಂಚಿದರು. ಮತ ಹಾಕುವುದಕ್ಕೆ ಸಾಕಾದ ಪಟ್ಟಿ, ಪಾಲು ಕೊಡುವುದಕ್ಕೆ ಸಾಲದೆ ಹೋಯಿತೆ?

2003ರ ಮಾರ್ಚ್‌ನಲ್ಲಿ ಅಮೆರಿಕ ಇರಾಕಿನ ಮೇಲೆ ದಾಳಿ ಮಾಡಿತು. ಮೇ 22ರಂದು ಭದ್ರತಾ ಮಂಡಳಿಯ 1483ನೆಯ ನಿರ್ಣಯದ ಪ್ರಕಾರ ಎಣ್ಣೆಯ ಹಣವೆಲ್ಲ 'ಇರಾಕ್ ಅಭಿವೃದ್ಧಿ ನಿಧಿ'ಗೆ ಸೇರತೊಡಗಿತು. ಅದರ ಬೀಗದ ಕೈ ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಅವರ ಕೈಯಲ್ಲಿತ್ತು. ಎಣ್ಣೆಯ ಹಣದಲ್ಲಿ ಪ್ರಜೆಗಳಿಗೆ ನೇರ ಪಾಲು ಕೊಡುವ ಮಾತನ್ನು ಆ ಬೇಸಗೆಯಲ್ಲಿ ಸ್ವತಃ ಬ್ರೆಮರ್ ಅವರೇ ಆಡಿದ್ದರು. ಮರುವರ್ಷ ಅರವಿಂದ್ ಸುಬ್ರಮಣಿಯನ್ ಅವರು, ಮುಂದೆ ನಮ್ಮ ದೇಶದ ಮುಖ್ಯ ಆರ್ಥಿಕ ಸಲಹೆಗಾರರಾದವರು, ಅರ್ಥಶಾಸ್ತ್ರಜ್ಞೆ ನ್ಯಾನ್ಸಿ ಬರ್ಡ್‌ಸಾಲ್ ಅವರೊಡನೆ ಸೇರಿ ಇದೇ ವಾದವನ್ನು ಬಲವಾಗಿ ಮುಂದಿಟ್ಟರು: ಎಣ್ಣೆಯ ಹಣದಲ್ಲಿ ಪ್ರತಿ ಮನೆಯ ಪಾಲನ್ನು ಸಂವಿಧಾನದಲ್ಲೇ ಬರೆದಿಡಿ ಎಂದು. ಸೂಚನೆ ಹಾಗೆಯೇ ಉಳಿಯಿತು. ಅದರ ಬದಲು ನಡೆದದ್ದೇನು? ನ್ಯೂಯಾರ್ಕಿನಿಂದ ನೂರು ಡಾಲರಿನ ನೋಟುಗಳ ಕಟ್ಟುಗಳನ್ನು ಹಲಗೆಗಳ ಮೇಲೆ ಪೇರಿಸಿ, ಪ್ಲಾಸ್ಟಿಕ್ ಸುತ್ತಿ, ಸರಕು ವಿಮಾನಗಳಲ್ಲಿ ಬಾಗ್ದಾದಿಗೆ ಸಾಗಿಸಿದರು. ಒಟ್ಟು ಸುಮಾರು 1,200 ಕೋಟಿ ಡಾಲರ್ ನಗದು. ಅದು ಇರಾಕಿನದೇ ಹಣ. ಸಚಿವಾಲಯಗಳಿಗೆ ಕೊಟ್ಟ 880 ಕೋಟಿ ಡಾಲರಿಗೆ ಸರಿಯಾದ ಲೆಕ್ಕವಿಲ್ಲ ಎಂದು ಅಮೆರಿಕದ್ದೇ ವಿಶೇಷ ಲೆಕ್ಕ ತನಿಖಾಧಿಕಾರಿ 2005ರ ಜನವರಿಯಲ್ಲಿ ವರದಿ ಕೊಟ್ಟರು. ಆ ತಿಂಗಳಲ್ಲೇ ಜನ ಪಡಿತರದ ಪಟ್ಟಿ ನಂಬಿ ಮತ ಹಾಕಿದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

2005ರ ಅಕ್ಟೋಬರ್‌ನಲ್ಲಿ ಇರಾಕಿನ ಜನ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟರು. ಅದರ 111ನೆಯ ವಿಧಿ ಬಹಳ ಸುಂದರವಾಗಿದೆ: ಎಣ್ಣೆ ಮತ್ತು ಅನಿಲ ಎಲ್ಲ ಪ್ರದೇಶ, ಎಲ್ಲ ಪ್ರಾಂತ್ಯಗಳ ಇರಾಕಿ ಜನರೆಲ್ಲರ ಸ್ವತ್ತು. ಮುಂದಿನ ವಿಧಿ ಆದಾಯವನ್ನು ಜನಸಂಖ್ಯೆಗೆ ಅನುಗುಣವಾಗಿ ನ್ಯಾಯವಾಗಿ ಹಂಚಬೇಕು ಎನ್ನುತ್ತದೆ. ಹಂಚುವ ರೀತಿಯನ್ನು ಹೇಳಬೇಕಾದ ಎಣ್ಣೆ ಕಾನೂನಿನ ಕರಡಿಗೆ ಸಚಿವ ಸಂಪುಟ 2007ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಸಂಸತ್ತು ಅದನ್ನು ಅಂಗೀಕರಿಸಲಿಲ್ಲ. ಜನರೆಲ್ಲರ ಸ್ವತ್ತು ಎಂದು ಸಾರಿ ಒಬ್ಬೊಬ್ಬರ ಪಾಲು ಎಷ್ಟು ಎಂದು ಹೇಳದೆ ಬಿಟ್ಟರೆ, ಕಳವಾದಾಗ ದೂರು ಕೊಡಲು ಯಾರೂ ಮುಂದೆ ಬರುವುದಿಲ್ಲ. 2022ರಲ್ಲಿ ಬಾಗ್ದಾದಿನ ಸರಕಾರಿ ಬ್ಯಾಂಕೊಂದರಲ್ಲಿದ್ದ ತೆರಿಗೆ ಇಲಾಖೆಯ ಖಾತೆಯಿಂದ ಸುಮಾರು 250 ಕೋಟಿ ಡಾಲರ್ ಮಾಯವಾದದ್ದು ಬಯಲಾಯಿತು. ಅಲ್ಲಿಯವರು ಅದನ್ನು ಶತಮಾನದ ಕಳ್ಳತನ ಎಂದು ಕರೆದರು. ಆದರೂ ಯಾವೊಬ್ಬ ಪ್ರಜೆಗೂ ತನ್ನ ಖಾತೆಯಲ್ಲಿ ಇಂತಿಷ್ಟು ಕಡಿಮೆಯಾಯಿತು ಎಂದು ತೋರಿಸಲು ಸಾಧ್ಯವಿರಲಿಲ್ಲ.

ಹಣವನ್ನು ಜನರ ಕೈಗೆ ಕೊಡುವುದಕ್ಕಿಂತ ಅಣೆಕಟ್ಟು, ರಸ್ತೆ, ಶಾಲೆ ಕಟ್ಟುವುದು ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಇರಾಕ್ ಅದನ್ನೂ ಮಾಡಿ ನೋಡಿದೆ. 1950ರಲ್ಲಿ ಸ್ಥಾಪನೆಯಾದ ಅಭಿವೃದ್ಧಿ ಮಂಡಳಿಗೆ ಎಣ್ಣೆಯ ಆದಾಯದಲ್ಲಿ ಶೇ. 70 ಭಾಗವನ್ನು ಮೀಸಲಿಟ್ಟಿದ್ದರು. ಒಳ್ಳೆಯ ಎಂಜಿನಿಯರುಗಳು ಪ್ರಾಮಾಣಿಕವಾಗಿ ದುಡಿದರು. ಟೈಗ್ರಿಸ್ ನದಿಯ ಪ್ರವಾಹ ತಡೆದರು, ಜಲಾಶಯಗಳನ್ನು ಕಟ್ಟಿದರು. ಅದೇ ಹೊತ್ತಿನಲ್ಲಿ ಬಾಗ್ದಾದಿನ ಅಂಚಿನಲ್ಲಿ, ಹಳ್ಳಿ ಬಿಟ್ಟು ಬಂದ ಸಾವಿರಾರು ಕುಟುಂಬಗಳು ಜೊಂಡು ಮತ್ತು ಮಣ್ಣಿನ ಗುಡಿಸಲುಗಳಲ್ಲಿ ಚರಂಡಿಯ ಪಕ್ಕ ಬದುಕುತ್ತಿದ್ದವು. 1958ರ ಜುಲೈ 14ರಂದು ರಾಜನನ್ನು ಕೊಂದು ಸೇನೆ ಅಧಿಕಾರ ಹಿಡಿದಾಗ ಬೀದಿಗಿಳಿದವರಲ್ಲಿ ಆ ಗುಡಿಸಲುಗಳವರು ತುಂಬಾ ಮಂದಿ ಇದ್ದರು. ಅಣೆಕಟ್ಟು ಬೇಡ ಎಂದು ನಾನು ಹೇಳುತ್ತಿಲ್ಲ. ಹತ್ತು ವರ್ಷದ ನಂತರ ಬರುವ ನೀರಿನ ಜೊತೆಗೆ ಈ ವರ್ಷದ ಪಾಲೂ ಸ್ವಲ್ಪ ಕೈಗೆ ಬರಬೇಕು ಎನ್ನುತ್ತಿದ್ದೇನೆ.

ಹೀಗೆ ಕೈಗೆ ಕೊಡುವುದನ್ನು ಬಹಳ ಕಾಲದಿಂದ ಮಾಡಿಕೊಂಡು ಬಂದಿರುವುದು ಅಮೆರಿಕದ ಅಲಾಸ್ಕಾ ರಾಜ್ಯ. 1968ರಲ್ಲಿ ಅಲ್ಲಿನ ಪ್ರುಡೋ ಕೊಲ್ಲಿಯಲ್ಲಿ ಎಣ್ಣೆ ಸಿಕ್ಕಿತು. ಮರುವರ್ಷ ಗುತ್ತಿಗೆ ಹರಾಜಿನಿಂದ ಬಂದ 90 ಕೋಟಿ ಡಾಲರ್ ಕೆಲವೇ ವರ್ಷಗಳಲ್ಲಿ ಖರ್ಚಾಗಿ ಹೋಯಿತು. ಎಲ್ಲಿ ಹೋಯಿತು ಎಂಬ ಸಿಟ್ಟು ಜನರಲ್ಲಿತ್ತು. ಆಗ ರಾಜ್ಯಪಾಲರಾಗಿದ್ದ ಜೇ ಹ್ಯಾಮಂಡ್ ಆ ಸಿಟ್ಟಿಗೆ ಒಂದು ರೂಪ ಕೊಟ್ಟರು. (ಅಲ್ಲಿ ರಾಜ್ಯಪಾಲರನ್ನು ಜನರೇ ಆರಿಸುತ್ತಾರೆ, ನಮ್ಮ ಮುಖ್ಯಮಂತ್ರಿಯ ಹಾಗೆ.) 1976ರಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದು, ಖನಿಜದ ರಾಜಧನದಲ್ಲಿ (ರಾಯಲ್ಟಿಯಲ್ಲಿ) ಕನಿಷ್ಠ ಕಾಲು ಭಾಗ ಶಾಶ್ವತ ನಿಧಿಗೆ ಹೋಗಬೇಕು, ಅಸಲನ್ನು ಮುಟ್ಟಬಾರದು ಎಂದು ಬರೆದರು. 1982ರಲ್ಲಿ ನಿಧಿಯ ಗಳಿಕೆಯಿಂದ ಮೊದಲ ಲಾಭಾಂಶ: ತಲೆಗೆ ಸಾವಿರ ಡಾಲರ್. ಹಸುಗೂಸಿಗೂ ಅಷ್ಟೇ, ಕೋಟ್ಯಧಿಪತಿಗೂ ಅಷ್ಟೇ. ಹೆಚ್ಚು ವರ್ಷ ಅಲ್ಲಿ ನೆಲೆಸಿದವರಿಗೆ ಹೆಚ್ಚು ಎಂದು ಮೊದಲು ಯೋಚಿಸಿದ್ದರು. ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನಿನ್ನೆ ಮೊನ್ನೆ ಬಂದವರು, ಮೂಲ ನಿವಾಸಿಗಳು ಎಂಬ ಜಗಳವನ್ನು ಮುಂಬಯಿಯಲ್ಲಿ ಕಂಡಿರುವ ನಮಗೆ ಆ ತೀರ್ಪಿನ ಬೆಲೆ ಗೊತ್ತಾಗುತ್ತದೆ.

ಅಲಾಸ್ಕಾದಿಂದ ಎಚ್ಚರಿಕೆಯ ಪಾಠವೂ ಇದೆ. 2016ರಲ್ಲಿ ಎಣ್ಣೆಯ ಬೆಲೆ ಕುಸಿದು ಬಜೆಟ್ ತೂತುಬಿದ್ದಾಗ ರಾಜ್ಯಪಾಲರು ಲಾಭಾಂಶವನ್ನು ಅರ್ಧಕ್ಕಿಳಿಸಿದರು. ತಲೆಗೆ 1,022 ಡಾಲರ್ ಬಂತು. ಮರುವರ್ಷ ಅಲ್ಲಿನ ನ್ಯಾಯಾಲಯ ಅದು ಸರಿ ಎಂದಿತು. ಸಂವಿಧಾನ ಕಾಪಾಡಿದ್ದು ನಿಧಿಯ ಅಸಲನ್ನು ಮಾತ್ರ, ಜನರ ಲಾಭಾಂಶವನ್ನಲ್ಲ. ಆಗ ಜನ ಸುಮ್ಮನಿರಲಿಲ್ಲ. ಅಂದಿನಿಂದ ಅಲ್ಲಿನ ಪ್ರತಿ ಚುನಾವಣೆಯಲ್ಲೂ ಆ ಹಣದ್ದೇ ಮಾತು. ಶಾಸಕರಿಗೆ ಇದು ತಲೆನೋವು. ಪ್ರಜೆಗಳು ಖಜಾನೆಯ ಲೆಕ್ಕ ಓದುತ್ತಿದ್ದಾರೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ನಾರ್ವೆಯ ದಾರಿ ಬೇರೆ. ಅಲ್ಲಿ ಯಾರಿಗೂ ನಗದು ಕೊಡುವುದಿಲ್ಲ. ಹಣವೆಲ್ಲ 1990ರ ಕಾನೂನಿನಂತೆ ರಚಿಸಿದ ನಿಧಿಗೆ ಹೋಗುತ್ತದೆ. ವರ್ಷಕ್ಕೆ ಸುಮಾರು ಶೇ. 3ರಷ್ಟನ್ನು ಮಾತ್ರ ಸರಕಾರ ಬಳಸಿಕೊಳ್ಳುತ್ತದೆ. ಆ ನಿಧಿ ಇಂದು ಒಂದೂವರೆ ಲಕ್ಷ ಕೋಟಿ ಡಾಲರ್ ದಾಟಿದೆ. ನಾರ್ವೆಯ ಎಣ್ಣೆ ನೀತಿಯ ತಳಪಾಯ ಹಾಕಿದವರಲ್ಲಿ ಒಬ್ಬರು ಬಸ್ರಾದ ಭೂವಿಜ್ಞಾನಿ ಫಾರೂಕ್ ಅಲ್ ಕಾಸಿಂ. ಇರಾಕ್ ಪೆಟ್ರೋಲಿಯಂ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಮಗನಿಗೆ ಮಿದುಳಿನ ಪಾರ್ಶ್ವವಾಯು (ಸೆರಿಬ್ರಲ್ ಪಾಲ್ಸಿ). ಚಿಕಿತ್ಸೆ ನಾರ್ವೆಯಲ್ಲಿ ಸಿಗುತ್ತಿತ್ತು, ಹೆಂಡತಿ ಆ ದೇಶದವರು. ಹಾಗಾಗಿ 1968ರಲ್ಲಿ ಎಲ್ಲ ಬಿಟ್ಟು ಓಸ್ಲೋಗೆ ಹೋದರು, ಕೆಲಸ ಕೇಳಿಕೊಂಡು ಸಚಿವಾಲಯದ ಬಾಗಿಲು ತಟ್ಟಿದರು. ಮರುವರ್ಷವೇ ನಾರ್ವೆಯ ಕಡಲಿನ ಎಕೋಫಿಸ್ಕ್‌ನಲ್ಲಿ ಎಣ್ಣೆ ಸಿಕ್ಕಿತು. ನಾರ್ವೆಯ ಭಾಗ್ಯವನ್ನು ಕಾಪಾಡಿದ ತಲೆಗಳಲ್ಲಿ ಒಂದು ಬಸ್ರಾದ್ದು. ಬಸ್ರಾದ ಭಾಗ್ಯವನ್ನು ಕಾಪಾಡುವವರು ಸಿಗಲಿಲ್ಲ. ಈ ವಿಷಯ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. 2018ರ ಬೇಸಗೆಯಲ್ಲಿ ಬಸ್ರಾದ ನಲ್ಲಿಗಳಲ್ಲಿ ಉಪ್ಪು, ಕೊಳಕು ನೀರು ಬಂದು ಲಕ್ಷಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ದೇಶದ ಎಣ್ಣೆಯ ಬಹುಪಾಲು ಬರುವುದು ಆ ಪ್ರಾಂತ್ಯದಿಂದಲೇ.

ಆದರೂ ಯುದ್ಧದಿಂದ ಎದ್ದ ದೇಶಕ್ಕೆ ನಾರ್ವೆಯ ಮಾದರಿ ಸಾಲದು ಎಂದು ನನ್ನ ಅಭಿಪ್ರಾಯ. ಎಣ್ಣೆ ಸಿಗುವ ಮೊದಲೇ ನಾರ್ವೆಯಲ್ಲಿ ನಂಬಬಹುದಾದ ಕಚೇರಿಗಳಿದ್ದವು, ಕಟ್ಟುನಿಟ್ಟಿನ ತೆರಿಗೆ ಇತ್ತು. ನಂಬಿಕೆ ಇಲ್ಲದ ಕಡೆ ದೊಡ್ಡ ನಿಧಿ ಎಂದರೆ ದೊಡ್ಡ ಆಮಿಷ. ಮಧ್ಯ ಆಫ್ರಿಕಾದ ಚಾಡ್ ದೇಶವನ್ನು ನೋಡಿ. ವಿಶ್ವಬ್ಯಾಂಕಿನ ಷರತ್ತಿನಂತೆ ಎಣ್ಣೆಯ ಹಣದಲ್ಲಿ ಶೇ. 10ರಷ್ಟನ್ನು ಮುಂದಿನ ತಲೆಮಾರಿಗೆಂದು ಎತ್ತಿಡುವ ಕಾನೂನು ಮಾಡಿದ್ದರು. 2006ರಲ್ಲಿ ಅಧ್ಯಕ್ಷ ಇದ್ರಿಸ್ ದೆಬಿ ಅದನ್ನು ತಿದ್ದಿ ಆ ನಿಧಿಯನ್ನೇ ತೆಗೆದುಹಾಕಿದರು. ಅದು ತನ್ನ ಹಣ ಎಂದು ಯಾವ ಚಾಡಿಗನಿಗೂ ಅನಿಸಿರಲಿಲ್ಲ. ತಡೆಯಲು ಯಾರು ಬರಬೇಕು?

ಪ್ರಾಂತ್ಯಗಳ ನಡುವೆ ಹಂಚಿದರೆ ಸಾಕು ಎಂಬ ವಾದವೂ ಇದೆ. ಶಾಂತಿ ಒಪ್ಪಂದಗಳಲ್ಲಿ ಹೆಚ್ಚಾಗಿ ಮಾಡುವುದೂ ಅದನ್ನೇ. 2004ರಲ್ಲಿ ಸುಡಾನಿನ ಎರಡು ಬಣಗಳು ದಕ್ಷಿಣದ ಎಣ್ಣೆಯ ಹಣವನ್ನು ಹೆಚ್ಚುಕಡಿಮೆ ಅರ್ಧರ್ಧ ಹಂಚಿಕೊಳ್ಳಲು ಒಪ್ಪಿದವು. ದಕ್ಷಿಣದ ಪಾಲು ಜೂಬಾ ನಗರಕ್ಕೆ ಬಂತು, ಹಳ್ಳಿಗೆ ಹೋಗಲಿಲ್ಲ. ದಕ್ಷಿಣ ಸುಡಾನ್ 2011ರಲ್ಲಿ ಸ್ವತಂತ್ರ ದೇಶವಾಗಿ ವರ್ಷ ತುಂಬುವ ಮೊದಲೇ, 2012ರಲ್ಲಿ, ಅಧ್ಯಕ್ಷ ಸಾಲ್ವಾ ಕೀರ್ ತಮ್ಮದೇ ಅಧಿಕಾರಿಗಳಿಗೆ ಪತ್ರ ಬರೆದು ಕಾಣೆಯಾದ 400 ಕೋಟಿ ಡಾಲರನ್ನು ಹಿಂತಿರುಗಿಸಿ ಎಂದು ಬೇಡಿಕೊಳ್ಳಬೇಕಾಯಿತು. 2013ರ ಡಿಸೆಂಬರಿನಲ್ಲಿ ಮತ್ತೆ ಯುದ್ಧ. ಇಂಡೊನೇಷ್ಯಾದ ಆಚೆ (Aceh) ಎಂಬ ಪ್ರಾಂತ್ಯಕ್ಕೆ 2005ರ ಹೆಲ್ಸಿಂಕಿ ಶಾಂತಿ ಒಪ್ಪಂದ ಶೇ. 70 ಪಾಲು ಕೊಟ್ಟಿತು. ಆದರೆ ಅಷ್ಟರಲ್ಲಿ ಅಲ್ಲಿನ ಆರುನ್ ಅನಿಲ ಬರಿದಾಗುತ್ತ ಬಂದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇನ್ನು ನಗದು ಕೊಟ್ಟರೆ ಬೆಲೆ ಏರುತ್ತದೆ ಎಂಬ ಆಕ್ಷೇಪ. ಇದಕ್ಕೆ ಇರಾನಿನ ಉದಾಹರಣೆ ಕೊಡುತ್ತಾರೆ. 2010ರ ಡಿಸೆಂಬರಿನಲ್ಲಿ ಇರಾನ್ ಸರಕಾರ ಇಂಧನದ ಸಬ್ಸಿಡಿ ಕಡಿತ ಮಾಡಿ, ಅದರ ಬದಲು ತಿಂಗಳಿಗೆ ತಲೆಗೆ 45,500 ತೊಮಾನ್ ಖಾತೆಗೆ ಹಾಕತೊಡಗಿತು. ಆಗ ಅದು ಸುಮಾರು 45 ಡಾಲರ್. ಹತ್ತು ವರ್ಷದ ನಂತರವೂ ಅದೇ 45,500. ಬೆಲೆ ಮಾತ್ರ ಎರಡು ಡಾಲರಿನ ಆಸುಪಾಸು. ನಿರ್ಬಂಧ, ಹಣದುಬ್ಬರ ಎಲ್ಲ ಸೇರಿ ಅದನ್ನು ನುಂಗಿ ಹಾಕಿದವು. ತಪ್ಪಿದ್ದು ಹಂಚಿಕೆಯಲ್ಲ, ಹಂಚಿಕೆಯ ಕ್ರಮ. ಮೊತ್ತವನ್ನು ಕಲ್ಲಿನಲ್ಲಿ ಕೆತ್ತಿದ್ದರು. ಆದಾಯದ ಇಂತಿಷ್ಟು ಪಾಲು ಎಂದಿದ್ದರೆ ಅದು ಎಣ್ಣೆಯ ಬೆಲೆಯ ಜೊತೆಗೆ ಏರಿಳಿಯುತ್ತಿತ್ತು.

ಹಾಗಾದರೆ ಇರಾಕಿನಲ್ಲಿ ಒಬ್ಬರಿಗೆ ಎಷ್ಟು ಬರಬಹುದು? ಮನಸ್ಸಿನಲ್ಲೇ ಲೆಕ್ಕ ಹಾಕಿ. ದಿನಕ್ಕೆ 33 ಲಕ್ಷ ಬ್ಯಾರೆಲ್ ರಫ್ತು, ಬ್ಯಾರೆಲಿಗೆ 70 ಡಾಲರ್ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಸುಮಾರು 8,400 ಕೋಟಿ ಡಾಲರ್. 2024ರ ನವೆಂಬರಿನ ಜನಗಣತಿಯ ಪ್ರಕಾರ ಜನ 4 ಕೋಟಿ 60 ಲಕ್ಷ. ಹತ್ತನೆಯ ಒಂದು ಭಾಗವನ್ನಷ್ಟೇ ಹಂಚಿದರೂ ತಲೆಗೆ ಸುಮಾರು 180 ಡಾಲರ್. ಆರು ಜನರ ಮನೆಗೆ 1,100 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ 90 ಸಾವಿರ ರೂಪಾಯಿಗೂ ಹೆಚ್ಚು. ಉಳಿದ ಒಂಬತ್ತು ಪಾಲು ಶಾಲೆ, ಆಸ್ಪತ್ರೆ, ಸಂಬಳಕ್ಕೆ ಇದ್ದೇ ಇರುತ್ತದೆ. ಈಗ ಆ ಹಣದ ದೊಡ್ಡ ಭಾಗ ಹೋಗುತ್ತಿರುವುದು ಸುಮಾರು 40 ಲಕ್ಷ ಸರಕಾರಿ ನೌಕರರ ಸಂಬಳಕ್ಕೆ. ಅಲ್ಲೂ ಒಂದು ಹಂಚಿಕೆ ನಡೆಯುತ್ತಿದೆ. ಪಕ್ಷದ ಪರಿಚಯ ಇದ್ದವನಿಗೆ ನೌಕರಿ, ಇಲ್ಲದವನಿಗೆ ಇಲ್ಲ. 2019ರ ಅಕ್ಟೋಬರಿನಲ್ಲಿ ಬಾಗ್ದಾದಿನ ತಹ್ರೀರ್ ಚೌಕದಲ್ಲಿ ನಿಂತ ಯುವಕರಲ್ಲಿ ಬಹುಮಂದಿ ಆ ಇಲ್ಲದವರ ಗುಂಪಿನವರು. ಅವರಲ್ಲಿ ನೂರಾರು ಮಂದಿ ಗುಂಡಿಗೆ ಬಲಿಯಾದರು.

ಉಪನ್ಯಾಸದ ನಂತರ ಒಬ್ಬ ತಾಯಿ ಕೇಳಿದರು: ಹಣ ಮನೆಯ ಯಜಮಾನನ ಕೈಗೆ ಹೋದರೆ ಹೆಂಗಸರಿಗೇನು ಸಿಕ್ಕಿತು? ಬಹಳ ಒಳ್ಳೆಯ ಪ್ರಶ್ನೆ, ಅಮ್ಮ. ಯುದ್ಧವಾದ ದೇಶದಲ್ಲಿ ವಿಧವೆಯರು ಲೆಕ್ಕವಿಲ್ಲದಷ್ಟು. ಮನೆಗೊಂದು ಚೀಟಿ ಎಂಬ ಪಡಿತರದ ಪದ್ಧತಿಯನ್ನು ಹಾಗೆಯೇ ಎತ್ತಿಕೊಂಡರೆ ಗಂಡ ಕಾಣೆಯಾದವಳು ಮೈದುನನ ಮುಂದೆ ಕೈ ಚಾಚಬೇಕಾಗುತ್ತದೆ. ಪಾಲು ತಲೆಗೊಂದು ಇರಬೇಕು, ಖಾತೆಯೂ ಅವರವರದೇ ಇರಬೇಕು, ಮಕ್ಕಳ ಪಾಲು ತಾಯಿಯ ಖಾತೆಗೆ ಬರಬೇಕು. ಕರ್ನಾಟಕದಲ್ಲಿ 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಬರುತ್ತಿದೆ. ಅದು ತೆರಿಗೆಯ ಹಣ, ಇದು ಸ್ವತ್ತಿನ ಪಾಲು, ಮೂಲ ಬೇರೆ. ಆದರೆ ಖಾತೆ ಹೆಂಗಸಿನ ಹೆಸರಿನಲ್ಲಿ ಇರಬೇಕು ಎಂಬುದು ಎರಡಕ್ಕೂ ಸಲ್ಲುತ್ತದೆ.

ಇನ್ನೊಬ್ಬರು, ಉರಣ್ ಕಡೆ ಕೆಲಸ ಮಾಡುವವರು, ಮುಂಬಯಿ ಕಡಲಿನ ಬಾಂಬೆ ಹೈ ಎಣ್ಣೆಯಲ್ಲಿ ಮುಂಬಯಿಯವರ ಪಾಲೇನು ಎಂದು ಕೇಳಿದರು. 1974ರಲ್ಲಿ 'ಸಾಗರ್ ಸಾಮ್ರಾಟ್' ಎಂಬ ಬಾವಿ ಕೊರೆಯುವ ರಿಗ್ ಅಲ್ಲಿ ಎಣ್ಣೆ ಕಂಡುಹಿಡಿಯಿತು. ಸಂವಿಧಾನದ 297ನೆಯ ವಿಧಿಯ ಪ್ರಕಾರ ಕಡಲೊಳಗಿನ ಸಂಪತ್ತು ಕೇಂದ್ರ ಸರಕಾರದ್ದು, ರಾಜಧನವೂ ಅಲ್ಲಿಗೇ. ಅಸ್ಸಾಮಿನ ನೆಲದ ಎಣ್ಣೆಗಾದರೆ ರಾಜ್ಯಕ್ಕೆ ರಾಜಧನ ಸಿಗುತ್ತದೆ. ಎರಡು ಕಡೆಯೂ ಪ್ರಜೆಗೆ ಹೆಸರು ಹಿಡಿದು ಪಾಲಿಲ್ಲ. ನಮ್ಮಲ್ಲಿ ಆ ದಿಕ್ಕಿನಲ್ಲಿ ಇಟ್ಟ ಒಂದು ಹೆಜ್ಜೆ ಪಕ್ಕದ ಗೋವಾದ್ದು: 2014ರ ಏಪ್ರಿಲ್ 21ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಕಬ್ಬಿಣದ ಅದಿರಿನ ಮಾರಾಟದ ಶೇ. 10ರಷ್ಟನ್ನು ಶಾಶ್ವತ ನಿಧಿಗೆ ಹಾಕಲು ಆದೇಶಿಸಿತು. ಅದನ್ನು ಜನರಿಗೆ ಹಂಚಿ ಎಂಬ ಬೇಡಿಕೆಯೂ ಅಲ್ಲಿದೆ. ನಾನು ಅದರ ಪರ.

ಕೊನೆಗೆ ಒಬ್ಬ ಹುಡುಗ ಎದ್ದು, ಇರಾಕಿಗೆ ಈಗ ತಡವಾಗಲಿಲ್ಲವೇ ಎಂದ. ತಡವಾಗಿದೆ. 2003ರಲ್ಲಿ ಮಾಡಿದ್ದರೆ ಸುಲಭವಿತ್ತು. ಆದರೆ ಈಗ ಹೊಸ ಜನಗಣತಿ ಆಗಿದೆ. ಉತ್ತರದ ಸ್ವಾಯತ್ತ ಪ್ರದೇಶ ಕುರ್ದಿಸ್ತಾನವನ್ನೂ ಸೇರಿಸಿ ಇಡೀ ದೇಶವನ್ನು ಎಣಿಸಿದ್ದು 1987ರ ನಂತರ ಇದೇ ಮೊದಲು. ಎಣ್ಣೆಯ ಕಾನೂನು ಇನ್ನೂ ಆಗಬೇಕಿದೆ, ಆದ್ದರಿಂದ ಅದರೊಳಗೆ ಒಂದು ಕಲಂ ಸೇರಿಸಲು ಜಾಗವಿದೆ. 2023ರಿಂದ 2025ರವರೆಗಿನ ಬಜೆಟ್ಟನ್ನು ಅಲ್ಲಿನ ಸರಕಾರ ಬ್ಯಾರೆಲಿಗೆ 70 ಡಾಲರ್ ಎಂದು ಹಿಡಿದು ಮಾಡಿತ್ತು. ಬಜೆಟ್ಟಿನಲ್ಲಿ ಹಿಡಿದ ಬೆಲೆಗಿಂತ ಮೇಲೆ ಬಂದ ಪ್ರತಿ ಡಾಲರನ್ನೂ ತಲೆಗಿಷ್ಟು ಎಂದು ಹಂಚಲಿ. ಯಾರ ಸಂಬಳಕ್ಕೂ ಕೈ ಹಾಕದೆ ಇಲ್ಲಿಂದ ಶುರು ಮಾಡಬಹುದು. ಎಷ್ಟು ಬ್ಯಾರೆಲ್ ಹೊರಟಿತು, ಎಷ್ಟು ಹಣ ಬಂತು ಎಂಬ ಅಂಕಿಯನ್ನು ಬಾಗ್ದಾದಿನ ಎಣ್ಣೆ ಸಚಿವಾಲಯ ತಿಂಗಳು ತಿಂಗಳು ಪ್ರಕಟಿಸುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸಿಕ್ಕಿದ ಬೆಲೆ ತಿಳಿಯುತ್ತದೆ, ಅದರಲ್ಲಿ 70 ಕಳೆದರೆ ಬ್ಯಾರೆಲಿಗೆ ಹಂಚಬೇಕಾದದ್ದು ಎಷ್ಟೆಂದು ಹತ್ತನೇ ತರಗತಿಯ ಹುಡುಗಿಯೂ ಹೇಳಬಲ್ಲಳು.